ಆರನೆಯ ಜೋಡಿ

ಯಲ್ಲಾಪುರ ಮೇಲ್ದಂಡೆ
ನಡುಬಿಸಿ ತಿಂಗಳ ನಲವತ್ತೊಂದನೆಯ ದಿನ, ನಿಮ್ಮ ಲೆಕ್ಕದಲ್ಲಿ ೨೨೧೪

ಹುಬ್ಬಳ್ಳಿಯ ಪಂಪ್ ಮೇಸ್ತ್ರಿ ಗೈಬುಸಾಬ ನದಾಫ ಅವರಿಗೆ ಫಕೀರವ್ವ ಕಮ್ಮಾರಳ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮಲ್ಲಿ ವರ್ಷಕ್ಕೆ ಆರೇ ತಿಂಗಳು, ಒಂದೊಂದಕ್ಕೆ ಅರವತ್ತು ದಿನ, ಉಳಿದ ದಿನಗಳನ್ನು ಯಾರೂ ಎಣಿಸುವುದಿಲ್ಲ. ನನ್ನ ಕನ್ನಡದಲ್ಲಿ ನಿಮ್ಮ ಕಿವಿಗೆ ಒಗ್ಗದ ಮಾತುಗಳು ಬಂದರೆ ಕ್ಷಮಿಸಿ. ಇದನ್ನು ನಾವು ಹಿಂದೋಲೆ ಎನ್ನುತ್ತೇವೆ. ಹಳೆಯ ಯಂತ್ರವೊಂದನ್ನು ಬಿಚ್ಚಿದವರು, ತಮಗಿಂತ ಮೊದಲು ಅದನ್ನು ಬಿಚ್ಚಿದವರಿಗೆ ಬರೆಯುವ ಕಾಗದ. ಸಾಮಾನ್ಯವಾಗಿ ಅದರಲ್ಲಿ ಇರುವುದು ಒಳ್ಳೆಯ ಮಾತೇ: ನಿಮ್ಮ ಬೋಲ್ಟ್ ಸಲೀಸಾಗಿ ಬಿಚ್ಚಿತು, ನೀವು ಹಚ್ಚಿದ ಗ್ರೀಸ್ ಇನ್ನೂ ಹಸಿಯಾಗಿತ್ತು, ಇತ್ಯಾದಿ. ನಾನು ಇಂಥವು ಇಪ್ಪತ್ತು ಬರೆದಿದ್ದೇನೆ. ನಿಮಗೆ ಬರೆಯಲು ಮಾತ್ರ ಎರಡು ವರ್ಷ ತಡ ಮಾಡಿದೆ. ತಡಕ್ಕೆ ಕಾರಣ ಸೋಮಾರಿತನ ಅಲ್ಲ.

ನಾವಿರುವ ಕಾಲದ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಿಮ್ಮ ಕಾಲದಲ್ಲಿ ಸಮುದ್ರ ಅಂಕೋಲೆಯ ಆಚೆ ಇತ್ತಂತೆ. ಈಗ ಅದು ಗಂಗಾವಳಿ ಹೊಳೆಯ ದಾರಿ ಹಿಡಿದು ಘಟ್ಟದ ಬುಡಕ್ಕೆ ಬಂದಿದೆ. ಕೆಳಗಿನ ಜನ ಅಲ್ಲೊಂದು ಇಲ್ಲೊಂದು ದಿಬ್ಬದ ಮೇಲೆ ಉಳಿದಿದ್ದಾರೆ, ಮೇಲೆ ಬನ್ನಿ ಎಂದರೆ ಮೀನು ಬಿಟ್ಟು ಹೇಗೆ ಬರುವುದು ಎನ್ನುತ್ತಾರೆ. ವರ್ಷದಲ್ಲಿ ಎರಡು ತಿಂಗಳು ಬಿಸಿರಜೆ, ಎಂದರೆ ಆಗ ಹತ್ತು ಗಂಟೆಯ ಮೇಲೆ ಯಾರೂ ಹೊರಗೆ ಕಾಲಿಡುವ ಹಾಗಿಲ್ಲ. ಓಡಾಟಕ್ಕೆ ಬಿಸಿಲುಗಾಡಿಗಳಿವೆ, ಆದರೆ ಅವು ಬಯಲಿನ ಸೊಗಸು. ಹೊರೆ ಹೊತ್ತು ಘಟ್ಟ ಹತ್ತು ಎಂದರೆ ಅರ್ಧದಲ್ಲೇ ಬ್ಯಾಟರಿ ಕಾದು ಮುನಿಸಿಕೊಂಡು ನಿಲ್ಲುತ್ತವೆ. ಹತ್ತುತ್ತಿದ್ದದ್ದು ಒಂದೇ ಒಂದು, ನಿಮ್ಮ ಕಾಲದ ಆರು ಸಿಲಿಂಡರಿನ ಡೀಸೆಲ್ ಲಾರಿ. ನಾವು ಅದನ್ನು ಏರುಗಾಡಿ ಎನ್ನುತ್ತಿದ್ದೆವು. ಡೀಸೆಲ್ ಎಂಬುದನ್ನು ನಾನು ಕಂಡವಳಲ್ಲ. ಹೊಂಗೆ ಎಣ್ಣೆ ಹಿಂಡಿ, ಕಾಸಿ, ನಾಲ್ಕು ಬಾರಿ ಸೋಸಿ ಕುಡಿಸುತ್ತಿದ್ದೆವು. ಎಂಜಿನ್ನಿಗೆ ಎಣ್ಣೆ ಒತ್ತುವ ಅದರ ಪಂಪು ನನ್ನ ಕೈಯಲ್ಲಿತ್ತು, ಸ್ಟೀರಿಂಗ್ ನನ್ನ ತಂಗಿ ಬಾಳವ್ವನ ಕೈಯಲ್ಲಿತ್ತು. ನಮ್ಮಿಬ್ಬರನ್ನು ಬಿಟ್ಟರೆ ಆ ಗಾಡಿಯ ಮರ್ಜಿ ತಿಳಿದವರು ಯಾರೂ ಇರಲಿಲ್ಲ.

ನನಗೆ ಕೆಲಸ ಕಲಿಸಿದ ಯಮನಪ್ಪ ವಸ್ತಾದರು ಹುಬ್ಬಳ್ಳಿ ಬಿಟ್ಟು ಬರುವಾಗ ಒಂದು ಬಿಸ್ಕೀಟಿನ ಡಬ್ಬಿ ತಂದಿದ್ದರು. ಅದರಲ್ಲಿ ನೀವು ಮೇಣದ ಕಾಗದ ಸುತ್ತಿ ಇಟ್ಟ ಆರು ದಪ್ಪ ಎಲಿಮೆಂಟುಗಳಿದ್ದವು. ಎಲಿಮೆಂಟ್ ಎಂದರೆ ಪ್ಲಂಜರು ಮತ್ತು ಅದು ಓಡಾಡುವ ಬ್ಯಾರಲ್ಲು, ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ, ಎಂದು ನಿಮಗೆ ನಾನು ಹೇಳುವುದು ನಗೆಪಾಟಲು. ಆದರೆ ಈ ಕಾಗದವನ್ನು ಬೇರೆಯವರೂ ಓದಬಹುದು. ನಿಮ್ಮ ಕಾಲದ ಲಾರಿ ಮಾಲೀಕರು ಘಟ್ಟದಲ್ಲಿ ಮುಂದಿನ ಲಾರಿಯನ್ನು ಹಿಂದೆ ಹಾಕುವ ಹುಚ್ಚಿಗೆ, ಚೆನ್ನಾಗಿದ್ದ ಪಂಪಿನ ಸೀಲ್ ಒಡೆಸಿ ಇಂಥ ದಪ್ಪ ಜೋಡಿ ಹಾಕಿಸುತ್ತಿದ್ದರಂತೆ. ಎಣ್ಣೆ ಹೆಚ್ಚು, ಎಳೆತ ಹೆಚ್ಚು, ಹೊಗೆಯಂತೂ ಕೇಳುವುದೇ ಬೇಡ. ಮುಂದೆ ಹೋಗಿ ಅವರು ಮಾಡುತ್ತಿದ್ದದ್ದೇನು ಎಂದು ವಸ್ತಾದರನ್ನು ಕೇಳಿದ್ದೆ. ಢಾಬಾದಾಗ ಲಗೂನ ಕುಂಡ್ರತಿದ್ರವ್ವಾ ಎಂದು ನಕ್ಕಿದ್ದರು. ಏರುಗಾಡಿಯಲ್ಲಿ ನಾವು ಹಾಕಿಕೊಂಡಿದ್ದದ್ದು ಸಣ್ಣ ಜೋಡಿಗಳನ್ನು. ಸವೆದಿದ್ದವು, ಆದರೂ ಇಪ್ಪತ್ತು ಇಪ್ಪತ್ತೆರಡು ಜನರನ್ನು ಹೊತ್ತು ಮೆಲ್ಲಗೆ ಹತ್ತುತ್ತಿತ್ತು.

ಆ ದಿನ ಬೆಳಗಿನ ಏಳು ಗಂಟೆಗೆ ಕೆಳಗಿನ ದಿಬ್ಬದಿಂದ ಸುದ್ದಿ ಬಂತು. ಹೊಳೆ ತುಂಬಿದೆ, ಮಧ್ಯಾಹ್ನದ ಉಬ್ಬರವೂ ಸೇರಿದರೆ ದಿಬ್ಬ ಉಳಿಯುವುದಿಲ್ಲ, ನಲವತ್ಮೂರು ಜನ ಇದ್ದೇವೆ. ಸಣ್ಣ ಜೋಡಿಯಲ್ಲಿ ಹೋದರೆ ಎರಡು ಏರು ಬೇಕು, ಎರಡನೆಯದಕ್ಕೆ ಹೊತ್ತು ಸಾಲುವುದು ಅನುಮಾನ. ದಪ್ಪ ಜೋಡಿ ಹಾಕಿದರೆ ಒಂದೇ ಏರು. ಬಾಳವ್ವ ಆಗಲೇ ತಲೆಗೆ ಬಟ್ಟೆ ಬಿಗಿದುಕೊಂಡು ಬಂದು ನಿಂತಿದ್ದಳು.

"ದಪ್ಪನ್ವು ಹಾಕಿಬಿಡಕ್ಕಾ. ಒಂದ ಏರಿಗೆ ಎಲ್ಲಾರ್ನೂ ತರ್ತೀನಿ. ಅರ್ಧಾ ಮಂದೀನ್ನ ಅಲ್ಲೇ ಬಿಟ್ಟು ಬಾ ಅಂದ್ರ ಯಾರ್ನ ಬಿಡ್ಲಿ?"

ನಾನು ಡಬ್ಬಿ ತೆಗೆದೆ. ಜೋಡಿ ಪರೀಕ್ಷೆ ನಮ್ಮಲ್ಲಿ ನಿಮ್ಮಲ್ಲಿದ್ದ ಹಾಗೇ ಇದೆ. ಬಟ್ಟೆ ಮುಟ್ಟಿಸದೆ ಎಣ್ಣೆಯಲ್ಲೇ ತೊಳೆಯಬೇಕು, ಹಸಿಯಾಗಿರುವಾಗಲೇ ಬ್ಯಾರಲ್ಲನ್ನು ಓರೆಯಾಗಿ ಹಿಡಿದು ಪ್ಲಂಜರನ್ನು ಮೇಲೆಳೆದು ಬಿಡಬೇಕು. ಅದು ತನ್ನ ಭಾರಕ್ಕೆ ತಾನೇ ನಿಧಾನವಾಗಿ, ಎಲ್ಲೂ ತಡೆಯದೆ ಇಳಿಯಬೇಕು. ಒಂದು ಸಲ ಅಲ್ಲ, ತಿರುಗಿಸಿ ತಿರುಗಿಸಿ ಮೂರು ಸಲ. ಐದು ಜೋಡಿಗಳು ಇಳಿದವು. ಎರಡು ಶತಮಾನ ಮಲಗಿದ್ದು ಎದ್ದ ಮಕ್ಕಳ ಹಾಗೆ ಮೈಮುರಿದು ಇಳಿದವು. ಆರನೆಯದು ಎರಡು ಸಲ ಇಳಿಯಿತು. ಮೂರನೆಯ ಸಲ ನಡುವೆ ಒಂದು ಕಡೆ ನಿಂತಿತು. ಕಣ್ಣು ಮಿಟುಕಿಸುವಷ್ಟೇ ಹೊತ್ತು, ಆಮೇಲೆ ಇಳಿಯಿತು. ನಾನು ಇನ್ನೊಮ್ಮೆ ತೊಳೆದೆ, ಇನ್ನೊಮ್ಮೆ ಬಿಟ್ಟೆ, ಈ ಸಲ ಚೆನ್ನಾಗಿ ಇಳಿಯಿತು. ಗೈಬುಸಾಬರೇ, ನಾಲ್ಕನೆಯದನ್ನು ನಾನು ಮೂರನೆಯದೆಂದು ಎಣಿಸಿದೆ. ಐದು ದಪ್ಪ, ಒಂದು ಸಣ್ಣ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಳತೆ ಹೊಂದಿಸಲು ನಾಲ್ಕು ದಿನ ಬೇಕು, ನಮಗಿದ್ದದ್ದು ಒಂದು ಬೆಳಗು.

ಮುಂದಿನದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಆರನೆಯದರ ಮೇಣದ ಕಾಗದದೊಳಗೆ ನೀವು ಒಂದು ಚೀಟಿ ಇಟ್ಟಿದ್ದಿರಿ. ಪೆನ್ಸಿಲ್ ಅಕ್ಷರ, ಒಂದು ಚೂರೂ ಮಾಸಿರಲಿಲ್ಲ. "ಆರನೇದು ಹಿಡಿತೈತಿ. ಹಾಕಬ್ಯಾಡ್ರಿ. ಗೈಬುಸಾಬ ನದಾಫ, ಹುಬ್ಬಳ್ಳಿ." ಪರೀಕ್ಷೆಗೆ ಮೊದಲೇ ನಾನು ಅದನ್ನು ಓದಿದ್ದೆ. ಓದಿ ಜೇಬಿಗೆ ಹಾಕಿಕೊಂಡಿದ್ದೆ. ನಿಮ್ಮ ಡೀಸೆಲಿಗೆ ಹಿಡಿದದ್ದು ನಮ್ಮ ಹೊಂಗೆ ಎಣ್ಣೆಗೆ ಹಿಡಿಯಲಾರದು ಎಂದು ನನಗೆ ನಾನೇ ಹೇಳಿಕೊಂಡೆ. ಬಾಳವ್ವ ಕೇಳಿದಳು.

"ಆರೂ ಹೊಂದ್ಯಾವಿಲ್ಲ ಅಕ್ಕಾ?"

"ಹೊಂದ್ಯಾವು" ಎಂದೆ.

ಅವಳಿಗೆ ಚೀಟಿ ತೋರಿಸಿದ್ದರೂ ಅವಳು ಹೋಗುತ್ತಿದ್ದಳು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತೇನೆ. ಇರಬಹುದು. ಆದರೆ ಆಗ ಅವಳು ತಿಳಿದು ಹೋಗುತ್ತಿದ್ದಳು. ಆಕ್ಸಿಲರೇಟರನ್ನು ಪೂರ್ತಿ ಒತ್ತುವ ಮೊದಲು ಒಂದು ಸಲ ಯೋಚಿಸುತ್ತಿದ್ದಳು.

ನಾನು ಘಟ್ಟದ ಮೇಲಿನ ಬಾಯಿಯಲ್ಲಿ, ಕೊನೆಯ ತಿರುವಿನ ಮೇಲೆ ನಿಂತಿದ್ದೆ. ಗಾಡಿ ಕಾಣುತ್ತಿರಲಿಲ್ಲ, ಅದನ್ನು ಕಿವಿಯಿಂದಲೇ ಹಿಂಬಾಲಿಸುವುದು ನಮಗೆ ರೂಢಿ. ತಿರುವು ಬಂದಾಗ ಡ್ರೈವರು ಕಾಲೆತ್ತುತ್ತಾಳೆ, ಎಂಜಿನ್ನಿನ ದನಿ ಇಳಿಯುತ್ತದೆ. ತಿರುವು ದಾಟಿತೆಂದರೆ ಮತ್ತೆ ಏರುತ್ತದೆ. ನಲವತ್ಮೂರು ಜನರನ್ನು ಹೊತ್ತೂ ಅದು ಎಂಥ ದನಿ ಮಾಡುತ್ತಿತ್ತು! ಅಷ್ಟು ಗಟ್ಟಿಯಾಗಿ ಅದು ಹತ್ತಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನನಗೆ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಒಂದು, ಎರಡು, ಆರು ತಿರುವುಗಳವರೆಗೆ ದನಿ ಇಳಿದು ಏರಿತು. ಏಳನೆಯದರಲ್ಲಿ ಇಳಿಯಲಿಲ್ಲ. ಕಾದ ಪ್ಲಂಜರು ಬ್ಯಾರಲ್ಲಿನಲ್ಲಿ ಹಿಡಿದುಕೊಂಡರೆ ಎಣ್ಣೆಯ ಅಳತೆ ಹೆಚ್ಚುಕಡಿಮೆ ಮಾಡುವ ರ್ಯಾಕು ಸಿಕ್ಕಿಕೊಳ್ಳುತ್ತದೆ, ಕಾಲೆತ್ತಿದರೂ ಎಣ್ಣೆ ಸುರಿಯುತ್ತಲೇ ಇರುತ್ತದೆ, ಎಂಜಿನ್ ಯಾರ ಮಾತೂ ಕೇಳುವುದಿಲ್ಲ. ಎಡಕ್ಕೆ ಕಣಿವೆ, ಬಲಕ್ಕೆ ಬಂಡೆ. ಹಿಂದೆ ಕೂತಿದ್ದವರಿಗೆ ಅವಳು ಕೂಗಿದ್ದು ಕೇಳಿಸಿತಂತೆ: "ಗಟ್ಟಿ ಹಿಡಕೋರೀ!" ಆಮೇಲೆ ಅವಳು ಗಾಡಿಯನ್ನು ಬಂಡೆಗೆ ಕೊಟ್ಟಳು. ದನಿ ಒಮ್ಮೆಲೇ ನಿಂತಿತು. ನಲವತ್ಮೂರು ಜನ ಕೈ ಮುರಿದುಕೊಂಡು, ಹಲ್ಲು ಉದುರಿಸಿಕೊಂಡು, ಅಳುತ್ತ ನಡೆದೇ ಮೇಲೆ ಬಂದರು. ನಾನು ಇಳಿದು ಹೋಗುವಷ್ಟರಲ್ಲಿ ಮುಂದಿನ ಕ್ಯಾಬಿನ್ ಅರ್ಧ ಮೊಳವೂ ಉಳಿದಿರಲಿಲ್ಲ.

ಈಗಲೂ ಆ ದನಿ ನನ್ನನ್ನು ಬಿಟ್ಟಿಲ್ಲ. ಬಿಸಿರಜೆಯ ಮಧ್ಯಾಹ್ನ ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿರುವಾಗ ಘಟ್ಟದ ಕಡೆಯಿಂದ ಗಾಡಿ ಹತ್ತುವ ದನಿ ಬರುತ್ತದೆ. ಹತ್ತಲು ಯಾವ ಗಾಡಿಯೂ ಉಳಿದಿಲ್ಲ ಎಂದು ನನಗೆ ಗೊತ್ತು. ಆದರೂ ಎದ್ದು ಕೂತು ತಿರುವು ಎಣಿಸುತ್ತೇನೆ, ಏಳನೆಯದಕ್ಕೆ ಕಿವಿ ಮುಚ್ಚಿಕೊಳ್ಳುತ್ತೇನೆ. ಕಿವಿ ಮುಚ್ಚಿದರೆ ದನಿ ಒಳಗಿನಿಂದ ಬರುತ್ತದೆ. ಪಕ್ಕದ ಮನೆಯಲ್ಲಿ ಬೀರಾ ಹರಿಕಂತ್ರ ಇದ್ದಾನೆ, ಅಂದು ಬಂದವರಲ್ಲಿ ಒಬ್ಬ. ಹುಟ್ಟು ಕುಂಟ. ಅವನು ಒಂದು ದಿನ ತನಗೂ ಅದು ಕೇಳಿಸುತ್ತದೆ ಎಂದ. ಅಂದಿನಿಂದ ಮಧ್ಯಾಹ್ನ ನನ್ನ ಜಗುಲಿಗೆ ಬಂದು ಬಲೆ ಹೆಣೆಯುತ್ತ ಕೂರುತ್ತಾನೆ, ಇಬ್ಬರೂ ಕೇಳುತ್ತೇವೆ. ಒಮ್ಮೆ ಹೇಳಿದ: "ಎರಡು ಏರು ಆಗಿದ್ರೆ ಕುಂಟನ್ನ ಎರಡ್ನೇದಕ್ಕೇ ಬಿಡ್ತಿದ್ರು. ಆ ದಿಬ್ಬ ಮಧ್ಯಾಹ್ನಕ್ಕೇ ಮುಳುಗ್ತು. ನಿನ್ ತಂಗಿ ಇಲ್ದಿದ್ರೆ ನಾ ಇಲ್ಲಿ ಕೂತ್ಕಂಡು ಗಂಜಿ ಉಣ್ತಿದ್ನಾ, ಅಮಾ?" ನಾನು ಒಳಗೆ ಹೋಗಿ ಅತ್ತೆ. ಅವನಿಗೆ ಚೀಟಿಯ ವಿಷಯ ಈವರೆಗೆ ಹೇಳಿಲ್ಲ.

ಮುಂದಿನ ಕಾಲದವರು ಹಿಂದಿನವರಿಗೆ ಎಚ್ಚರಿಕೆ ಬರೆಯುತ್ತಾರೆ. ನನಗೆ ಆ ಯೋಗ್ಯತೆ ಇಲ್ಲ, ಎಚ್ಚರಿಕೆ ಬರೆದವರು ನೀವು. ನನ್ನದು ಒಂದು ಸಿಟ್ಟು, ಒಂದು ಬೇಡಿಕೆ. ಸಿಟ್ಟು ಇಷ್ಟೇ: ಹಿಡಿಯುತ್ತದೆ ಎಂದು ಗೊತ್ತಿದ್ದ ಜೋಡಿಯನ್ನು ಯಾಕೆ ಇಟ್ಟಿರಿ? ಆರರ ಸೆಟ್ಟು ಮುರಿಯಬಾರದು ಎಂಬ ನಮ್ಮ ಕಸುಬಿನ ಪದ್ಧತಿಗೇ ಇಟ್ಟಿರಿ, ನನಗೆ ಗೊತ್ತು. ನಾನೂ ಕೆಟ್ಟುಹೋದದ್ದನ್ನು ಹಾಗೇ ಸುತ್ತಿ ಇಡುವವಳು. ಆದರೆ ಡಬ್ಬಿಯಲ್ಲಿ ಐದೇ ಇದ್ದಿದ್ದರೆ ನಾನು ಮುಚ್ಚಳ ಮುಚ್ಚಿ, ಸಣ್ಣ ಜೋಡಿಯಲ್ಲೇ ಅವಳನ್ನು ಕಳಿಸುತ್ತಿದ್ದೆ. ಅವಳು ಬೈದುಕೊಂಡೇ ಹೋಗುತ್ತಿದ್ದಳು, ಇಪ್ಪತ್ತು ಜನರೊಂದಿಗೆ ವಾಪಸು ಬರುತ್ತಿದ್ದಳು.

ಆ ಆರನೆಯ ಜೋಡಿ ಈಗ ನಿಮ್ಮ ಮೇಜಿನ ಮೇಲೆ ಒದ್ದೆಯಾಗಿ ಬಿದ್ದಿರಬಹುದು. ಸುತ್ತಬೇಡಿ, ಚೀಟಿ ಬರೆಯಬೇಡಿ. ಬೀದಿಯ ಗಟಾರಕ್ಕೆ ಎಸೆದುಬಿಡಿ. ನಾನು ಏನು ಕೇಳುತ್ತಿದ್ದೇನೆ ಎಂಬುದು ನನಗೆ ತಿಳಿಯದೆ ಇಲ್ಲ. ಇದನ್ನು ಬರೆಯುತ್ತಿರುವಾಗ ಬೀರಾ ಜಗುಲಿಯಲ್ಲೇ ಕೂತಿದ್ದಾನೆ, ಯಾರಿಗೆ ಕಾಗದ ಎಂದು ಕೇಳಿದ, ಹಳೆಯ ಮೇಸ್ತ್ರಿಗೆ ಎಂದೆ, ನನ್ನ ನಮಸ್ಕಾರವನ್ನೂ ಬರೆ ಎಂದ. ಬರೆದಿದ್ದೇನೆ.

ಎಸೆದುಬಿಡಿ, ಗೈಬುಸಾಬರೇ. ಅವಳು ನನ್ನ ತಂಗಿ.

ಫಕೀರವ್ವ