ಅನುಮಾನದ ಭಟ್ಟಿ

ಭಾನುವಾರ, ಊಟವಾದ ಮೇಲೆ

ಮುದ್ದು ಮಗಳೇ,

ಈ ಪತ್ರದ ಜೊತೆ ಬಂದ ಡಬ್ಬಿಯನ್ನು ನೀನಿನ್ನೂ ಬಿಚ್ಚಿರಲಾರೆ. ಕಳಿಸಿದವರ ಹೆಸರನ್ನು ಎಲ್ಲೋ ಓದಿದ ನೆನಪಾಗಿ, ಒಮ್ಮೆ ಅಲ್ಲಾಡಿಸಿ ನೋಡಿ, ದೂರದ ಮೇಜಿನ ಮೇಲಿಟ್ಟು ಮೊದಲು ಪತ್ರ ಓದುತ್ತಿದ್ದೀಯೆ. ಧೈರ್ಯವಾಗಿ ಬಿಚ್ಚು, ಸಿಡಿಯುವಂಥದ್ದೇನೂ ಇಲ್ಲ. ಒಂದು ಕಪ್ ಇದೆ. ಹಿಡಿ ಸ್ವಲ್ಪ ಸೊಟ್ಟ.

ಆ ಹೆಸರನ್ನು ನೀನು ಓದಿದ್ದು ನಿನ್ನ ಆಫೀಸಿನ ಕಡತದಲ್ಲಿ. ಕಳೆದ ತಿಂಗಳೆಲ್ಲ ನೀನು ಬೆನ್ನು ಹತ್ತಿದ್ದ ಅನುಮಾನಾಸ್ಪದ ಖರೀದಿದಾರರು ನಾನೇ. ನಿಂತಿದ್ದರೆ ಕೂತುಕೋ. ಅದು ನನ್ನ ಮದುವೆಗೆ ಮುಂಚಿನ ಹೆಸರು. ಬ್ಯಾಂಕಿನಲ್ಲಿ, ಗುರುತಿನ ಚೀಟಿಯಲ್ಲಿ ಇವತ್ತಿಗೂ ಅದೇ ಇದೆ, ಕರೆಯುವವರು ಮಾತ್ರ ಯಾರೂ ಇಲ್ಲ. ಒಬ್ಬರೇ ಎರಡು ಹೆಸರಿನಲ್ಲಿ ವ್ಯಾಪಾರ ಮಾಡುತ್ತಾರಾ ಎಂದು ಜಗತ್ತನ್ನೆಲ್ಲ ಜಾಲಾಡುವ ವಕೀಲೆಗೆ ಹೆತ್ತವಳ ಇನ್ನೊಂದು ಹೆಸರು ಹೊಳೆಯಲಿಲ್ಲ ನೋಡು. ಬೈಯುತ್ತಿಲ್ಲ. ಸಹಿ ಹಾಕುವಾಗ ನಾನೇ ಈಗಿನ ಹೆಸರು ಬರೆದು ಹೊಡೆದುಹಾಕಿದೆ.

ನೀನು ಕಾನೂನು ಓದುತ್ತೇನೆ ಎಂದಾಗ ಅಪ್ಪ ನಿನ್ನನ್ನು ಆಸ್ತಿ ವ್ಯಾಜ್ಯದ ವಕೀಲೆ ಎಂದು ಕನಸು ಕಂಡಿದ್ದರು. ನೀನು ಹೋಗಿ ಸರ್ಕಾರದ ಕಿಟಕಿಯಿಲ್ಲದ ಕೋಣೆಯೊಂದನ್ನು ಸೇರಿದೆ. ಯಾವ ಯಂತ್ರ ಯಾವ ದೇಶಕ್ಕೆ ಹೋಗಬಹುದು, ಹೋದ ಮೇಲೆ ಯಾರ ಕೈಗೆ ಸಿಗುತ್ತದೆ, ಹಾಲಿನ ಪುಡಿಗೆಂದು ಕೊಂಡವನು ಅದರಲ್ಲಿ ಸಿಡಿಮದ್ದಿನ ಪುಡಿ ಮಾಡುತ್ತಾನಾ ಎಂದು ನೋಡುವ ಕೆಲಸ. ಆಮೇಲೆ ಅದೇ ವಿದ್ಯೆ ಹಿಡಿದು ಗಡಿಯಾಚೆಯ ದೊಡ್ಡ ಊರಿಗೆ ಹೋಗಿ, ಯಂತ್ರ ಮಾರುವ ಕಂಪನಿಗಳಿಗೆ ಸಲಹೆ ಕೊಡುವವಳಾದೆ. ಅಪ್ಪ ಈಗಲೂ ಕೇಳಿದವರಿಗೆಲ್ಲ ಅದೇನೋ ಕಸ್ಟಮ್ಸ್ ತರಹ ಎನ್ನುತ್ತಾರೆ. ಅದನ್ನು ನಂಬಿ ಎದುರುಮನೆಯವರು ತಮ್ಮ ಅಳಿಯನ ಎರಡು ಬಾಟಲಿ ಬಿಡಿಸಿಕೊಡಲು ಸಾಧ್ಯವೇ ಎಂದು ಕೇಳಿಕೊಂಡು ಬಂದಿದ್ದರು. ನಿನ್ನ ಕೆಲಸ ನನಗೆ ಆಶ್ಚರ್ಯ ತರಲಿಲ್ಲ. ಒಂದನೇ ಕ್ಲಾಸಿನಲ್ಲೇ ನೀನು ಪಕ್ಕದವಳಿಗೆ ರಬ್ಬರ್ ಕೊಡುವ ಮುಂಚೆ ಏನು ಅಳಿಸುತ್ತೀ ಎಂದು ವಿಚಾರಿಸುತ್ತಿದ್ದೆ.

ತೊಂದರೆ ಏನೆಂದರೆ ಆ ಕೋಣೆಯನ್ನು ನೀನು ಮನೆಗೂ ತರುತ್ತೀಯೆ. ನಾನು ಈಜು ಕಲಿಯುತ್ತೇನೆ ಎಂದಾಗ ನೀನು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಹೊಂದಿಸುವಷ್ಟರಲ್ಲಿ ಚಳಿಗಾಲ ಬಂದು ಕೊಳ ಮುಚ್ಚಿತು. ಸೈಕಲ್ ಎಂದಾಗ ಮೂಳೆಯ ಡಾಕ್ಟರ ಅಭಿಪ್ರಾಯ ಕೇಳಿದೆ. ಕೆಲಸದಿಂದ ನಿವೃತ್ತಳಾಗಿ, ಮನೆಯಲ್ಲೊಂದು ಕರೆಂಟಿನ ಭಟ್ಟಿ ಇಟ್ಟು ಪಿಂಗಾಣಿ ಕಪ್ ಮಾಡುತ್ತೇನೆ ಎಂದಾಗಲಂತೂ ವೈರಿಂಗ್, ಬೆಂಕಿ ವಿಮೆ, ನನ್ನ ಸೊಂಟ, ಎಲ್ಲವೂ ವಿಚಾರಣೆಗೆ ಬಂದವು. ನೀನು ಬೇಡ ಎನ್ನುವುದಿಲ್ಲ. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಪ್ರಶ್ನೆ ಕೇಳುತ್ತಾ ಕೇಳುತ್ತಾ ಆಸೆಯ ಜೀವ ಹಿಂಡುತ್ತೀಯೆ.

ಮೂವತ್ತು ವರ್ಷ ಹಲ್ಲಿನ ಡಾಕ್ಟರ ಬಳಿ ಪಿಂಗಾಣಿ ಹಲ್ಲು ಮಾಡಿದವಳು ನಾನು. ಈ ಊರಿನ ಅರ್ಧ ಜನರ ನಗು ನನ್ನ ಕೈಯಲ್ಲಿ ಬೆಂದದ್ದು. ಒಂದು ಕಪ್ ಬೇಯಿಸಲು ನನಗೆ ಸೊಂಟದ ಎಕ್ಸ್‌ರೇ ಬೇಕಿತ್ತೇ?

ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡು, ಹಳೆಯ ಹೆಸರಿನಲ್ಲಿ ಗಡಿಯಾಚೆಯ ಕಂಪನಿಯೊಂದಕ್ಕೆ ಭಟ್ಟಿಯ ಆರ್ಡರ್ ಕೊಟ್ಟೆ. ನಮ್ಮ ಹಲ್ಲಿನ ಡಾಕ್ಟರು ಈಗ ಪಕ್ಕದ ಊರಿನಲ್ಲಿದ್ದಾರೆ, ಅವರ ಖಾಲಿ ಗ್ಯಾರೇಜಿನ ವಿಳಾಸ ಕೊಟ್ಟೆ. ಜೋಡಿಸಲು ಬರುವವರು ಬೇಡ ಎಂದೆ. ಬಂದವನು ಮನೆಗೆ ಫೋನ್ ಮಾಡಿದರೆ ಅಪ್ಪ ಎತ್ತುತ್ತಾರೆ, ಅವರ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಉಚಿತ ತರಬೇತಿಯೂ ಬೇಡ ಎಂದೆ. ಭಟ್ಟಿ ಕಂಪನಿಯ ಕಾಗದಗಳನ್ನು ನೋಡುವ ವಕೀಲೆ ನೀನೇ ಎಂದು ನನಗೆ ಹೇಗೆ ಗೊತ್ತಾಗಬೇಕು? ಎಲ್ಲ ಕಾಕತಾಳೀಯ.

ಆಮೇಲೆ ನಿನ್ನ ಸಹಿಯ ಪತ್ರ ಬಂತು. "ಮಾನ್ಯರೇ" ಎಂದು ಶುರು. ಇಷ್ಟು ಶಾಖವನ್ನು ಒಂದೇ ಸಮ ಹಿಡಿದಿಡುವ ಭಟ್ಟಿಯಲ್ಲಿ ಕ್ಷಿಪಣಿಯ ಪಿಂಗಾಣಿ ಮೂತಿಯೂ ಬೇಯುತ್ತದೆಂದು ಅದರಿಂದಲೇ ನನಗೆ ತಿಳಿದದ್ದು. ಜೋಡಣೆ ಬೇಡ, ತರಬೇತಿ ಬೇಡ, ವಿಳಾಸ ಗ್ಯಾರೇಜು, ನಿನ್ನ ಕಣ್ಣು ಕೆಂಪಾಗದೆ ಇರುತ್ತದೆಯೇ. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಮಾರಾಟ ರದ್ದು ಎಂದೂ ಬರೆದಿದ್ದೆ. ಸ್ಟೇಷನ್ ಎದುರು ಕಾಫಿ ಅಂಗಡಿ ತೆರೆಯಲಿರುವ ಹುಡುಗಿ ನನ್ನ ಹತ್ತಿರ ಕಪ್ ಕೇಳಿದ್ದಳು, ಜೀವನದಲ್ಲಿ ನನ್ನ ಮೊದಲ ಆರ್ಡರ್. ತಿದ್ದಿಟ್ಟ ಕಪ್‌ಗಳು ಗ್ಯಾರೇಜಿನಲ್ಲಿ ಒಣಗಿ ಕೂತಿದ್ದವು. ಭಟ್ಟಿ ಬರದಿದ್ದರೆ ಅವು ಬರೀ ಮಣ್ಣು, ನನ್ನ ಮಾತೂ ಮಣ್ಣುಪಾಲು.

ಖಚಿತಪಡಿಸಿಕೊಳ್ಳಲು ನೀನು ಆರ್ಡರಿನಲ್ಲಿದ್ದ ಡಾಕ್ಟರ ಮನೆಯ ನಂಬರಿಗೆ ಫೋನ್ ಮಾಡಿದ ದಿನ ನಾನು ಅಲ್ಲೇ ಇದ್ದೆ. ಹಲೋ ಎಂದು ನಿನ್ನ ದನಿ ಕೇಳಿದ್ದೇ ಫೋನ್ ಇಟ್ಟುಬಿಟ್ಟೆ. ಮತ್ತೆ ಬಂದಾಗ ಡಾಕ್ಟರ ಕೈಗೆ ಕೊಟ್ಟೆ. ಪಾಪ, ಅವರು ಹುಟ್ಟಿನಿಂದ ಸುಳ್ಳು ಹೇಳಿದವರಲ್ಲ. ನೋಯುವುದಿಲ್ಲ ಎನ್ನುತ್ತಿದ್ದುದೊಂದೇ ಅವರ ಸುಳ್ಳು. ಭಟ್ಟಿ ಯಾತಕ್ಕೆ ಎಂದು ನೀನು ಕೇಳಿದ್ದಕ್ಕೆ ಬೆವರು ಒರೆಸಿಕೊಂಡು, ಅದನ್ನ ಹೇಳೋ ಹಾಗಿಲ್ಲ ಮೇಡಂ, ಅವ್ರ ಮನೇವ್ರಿಗೂ ಗೊತ್ತಿಲ್ಲ ಎಂದರು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅದೇ ಸಂಜೆ ನೀನು ಅಪ್ಪನಿಗೆ ಫೋನ್ ಮಾಡಿ, ಸ್ವಲ್ಪ ದಿನ ನೀವಿಬ್ಬರೂ ಪಕ್ಕದ ಊರಿನ ಕಡೆ ಹೋಗಬೇಡಿ, ಯಾಕೆ ಅಂತ ಕೇಳಬೇಡಿ ಎಂದೆಯಂತೆ. ಅಪ್ಪ ಬಾಗಿಲಿಗೆ ಎರಡು ಚಿಲಕ ಹಾಕಿ ನನ್ನನ್ನು ಕಾಯುತ್ತಿದ್ದರು. ನಾನು ಬಂದದ್ದು ಅಲ್ಲಿಂದಲೇ, ಮೊಣಕೈವರೆಗೆ ಮಣ್ಣು.

ಬೇರೆ ದಾರಿಯಿಲ್ಲದೆ ನಿನ್ನ ಪ್ರಶ್ನೆಗಳಿಗೆ ಒಂದೊಂದಾಗಿ ನಿಜವನ್ನೇ ಬರೆದೆ. ಹಲ್ಲಿನ ಕೆಲಸ ಬರೆದೆ, ಮಣ್ಣಿನ ಜಾತಿ ಬರೆದೆ, ಕಪ್‌ಗಳ ಫೋಟೋ ಹಚ್ಚಿದೆ. ಇದನ್ನೆಲ್ಲ ಮನೆಯವರಿಂದ ಯಾಕೆ ಮುಚ್ಚಿಟ್ಟಿದ್ದೀರಿ ಎಂಬುದಕ್ಕೆ, ನನಗೊಬ್ಬಳು ಮಗಳಿದ್ದಾಳೆ, ತುಂಬಾ ಪ್ರಶ್ನೆ ಕೇಳುತ್ತಾಳೆ ಎಂದು ಬರೆದೆ. ಅದನ್ನು ಓದಿಯೂ ನಿನಗೆ ಅನುಮಾನ ಬರಲಿಲ್ಲ, ಕಂದಾ. ಭಟ್ಟಿಯ ಅಂತಿಮ ಬಳಕೆದಾರರು ಯಾರು ಎಂಬ ಪ್ರಶ್ನೆಯ ಮುಂದೆ ಮಾತ್ರ ಬಹಳ ಹೊತ್ತು ಕೂತೆ. ಇಷ್ಟು ವರ್ಷ ನಾನು ಮಾಡಿದ್ದೆಲ್ಲ ಬೇರೆಯವರ ಬಾಯಿಗೆ ಹೋಗಿದೆ, ಹಲ್ಲೂ ಅಷ್ಟೇ, ಅಡುಗೆಯೂ ಅಷ್ಟೇ. ಕೊನೆಗೆ, ನಾನೇ, ಎಂದು ಬರೆದೆ. ಬರೆದು ಯಾಕೋ ಅಳು ಬಂತು.

ನಿನ್ನ ಎರಡನೇ ಪತ್ರ ಮೂರೇ ಸಾಲು. ನಿಮ್ಮ ಉತ್ತರಗಳು ಸ್ಪಷ್ಟವೂ ನಂಬಲರ್ಹವೂ ಆಗಿವೆ. ಮಾರಾಟಕ್ಕೆ ಅಭ್ಯಂತರವಿಲ್ಲ. ನನಗೆ ಬೇರೆ ಪ್ರಶ್ನೆಗಳಿಲ್ಲ. ಕೊನೆಯ ಸಾಲನ್ನು ಡಾಕ್ಟರ ಹತ್ತಿರ ಎರಡು ಸಲ ಜೋರಾಗಿ ಓದಿಸಿದೆ. ನಿನಗೆ ಮಾತು ಬಂದ ದಿನದಿಂದ ಕಾದಿದ್ದೆ, ನೀನು ನನಗೆ ಹಾಗೆ ಹೇಳಿದ್ದು ಅದೇ ಮೊದಲು.

ಭಟ್ಟಿ ಬಂತು, ಕಪ್‌ಗಳು ಬೆಂದವು, ಕಾಫಿ ಅಂಗಡಿಯೂ ತೆರೆಯಿತು. ಮೊದಲು ಬೆಂದದ್ದು ಆ ಡಬ್ಬಿಯಲ್ಲಿದೆ. ತಳದಲ್ಲಿ ನನ್ನ ಹೆಸರು ಗೀಚಿದ್ದೇನೆ, ಹಳೆಯದು. ನಿನ್ನ ಆಫೀಸಿನ ಹಿರಿಯರಿಗೆ ಈ ಪತ್ರ ತೋರಿಸು. ಅವಳಿಗೆ ಏನೂ ಗೊತ್ತಿರಲಿಲ್ಲ, ತನಿಖೆಯಲ್ಲಿ ತಾಯಿಗೂ ರಿಯಾಯಿತಿ ಕೊಡಲಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ ಪ್ರೀತಿಯ
ಅಮ್ಮ
(ನಿನ್ನ ಕಡತದಲ್ಲಿ: ಅಂತಿಮ ಬಳಕೆದಾರರು)

ಮರೆತ ಮಾತು: ಕಾಕತಾಳೀಯ ಎಂದೆನಲ್ಲ, ಅದೊಂದು ಸುಳ್ಳು. ಇಂಥ ಭಟ್ಟಿ ನಮ್ಮೂರಿನ ಅಂಗಡಿಯಲ್ಲೇ ಸಿಗುತ್ತಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ನಿನ್ನ ಮೇಜನ್ನು ದಾಟಿ ಬರುವ ಭಟ್ಟಿ ಯಾವ ಕಂಪನಿಯದೆಂದು ಅಪ್ಪನ ಬಾಯಿಂದ ಹೊರಡಿಸಿಕೊಂಡೇ ನಾನು ಆರ್ಡರ್ ಮಾಡಿದ್ದು. ಅಮ್ಮನಾಗಿ ನಿನ್ನ ಹತ್ತಿರ ನಾನು ಯಾವತ್ತೂ ಪಾಸಾಗಲಿಲ್ಲ. ಗುರುತಿಲ್ಲದವಳಾಗಿ ಒಂದು ಸಲ ನೋಡೋಣ ಅನ್ನಿಸಿತು.