ತಟ್ಟೆಯಲ್ಲಿ ನಿಂತ ನಾಳಗಳು

ಮಾರ್ಚ್ 3

ಇವತ್ತೂ ಅದೇ ಗೋಳು. ರಕ್ತನಾಳದ ಜೀವಕೋಶಗಳನ್ನು ಲ್ಯಾಬಿನ ತಟ್ಟೆಗೆ ಹಾಕಿ, ಬೆಳೆಯಿರಪ್ಪ ಅಂತ ಕೈಮುಗಿದು ಬಂದಿದ್ದೆ. ಬೆಳಿಗ್ಗೆ ನೋಡಿದರೆ ಎಲ್ಲ ಮುದುಡಿಕೊಂಡು ಕೂತಿವೆ. ನಾಳ ಬೆಳೆಯುವುದನ್ನು ನಿಲ್ಲಿಸುವುದೇ ನಮ್ಮ ಪ್ರಯೋಗ. ಬಾಸ್ ಇಣುಕಿ, ಇವು ಬೆಳೆಯದಿದ್ದರೆ ನಿಲ್ಲಿಸುವುದು ಏನನ್ನ ಅಂತ ಕೇಳಿದರು. ನನಗೇನು ಗೊತ್ತು ಸ್ವಾಮಿ.

ಮನೆಗೆ ಬಂದರೆ ಅಕ್ಕ. ಅವಳ ಕಣ್ಣೊಳಗೆ ಮಾತ್ರ ಬೇಡವೆಂದರೂ ಹೊಸ ನಾಳ ಹುಟ್ಟುತ್ತಿವೆ. ಚಿಕ್ಕಂದಿನಿಂದ ಇರುವ ಡಯಾಬಿಟಿಸ್ ಕೊಟ್ಟ ಉಡುಗೊರೆ. ಜೊಳ್ಳು ನಾಳಗಳು, ಯಾವಾಗ ಒಡೆಯುತ್ತವೋ ಹೇಳಲಾಗದು. ಒಡೆದರೆ ಕಣ್ಣು ಕತ್ತಲೆ. ಅದಕ್ಕೇ ತಿಂಗಳಿಗೊಂದು ಇಂಜೆಕ್ಷನ್, ನೇರ ಕಣ್ಣಿಗೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಕಣ್ಣು ಹೋದರೆ ಕೆಲಸವೂ ಹೋಯಿತು.

ಮಾರ್ಚ್ 9

ಅಕ್ಕನಿಗೆ ಮತ್ತೆ ಪಾಠ. ನಿನ್ನ ಕಾಯಿಲೆಯ ಸಕ್ಕರೆ ಬೇರೆ, ನಾನು ಲ್ಯಾಬಿನಲ್ಲಿ ನೋಡುವ ಸಕ್ಕರೆ ಬೇರೆ. ನನ್ನದು ಜೀವಕೋಶದ ಮೈಮೇಲೆ ಕೂದಲಿನ ಹಾಗೆ ಇರುವ ಸಕ್ಕರೆ ಸರಪಳಿ. 'ಬೆಳೆ' ಎಂಬ ಸುದ್ದಿ ತರುವ ಪ್ರೋಟೀನನ್ನು ಅದು ಹಿಡಿದುಕೊಂಡು ಒಳಕ್ಕೆ ಮುಟ್ಟಿಸುತ್ತದೆ. ಸರಪಳಿ ಕತ್ತರಿಸಿದರೆ ಸುದ್ದಿ ತಲುಪದು, ನಾಳ ಬೆಳೆಯದು.

"ಅಂದ್ರೆ ಕ್ಷೌರ ಮಾಡ್ತೀಯಾ," ಅಂದಳು. ಐದು ವರ್ಷದ ಓದು, ಕ್ಷೌರ!

ಮಾರ್ಚ್ 17, ಸಂಜೆ

ಬಂತು... ಕೊನೆಗೂ ಬಂತು. ಸುಮ್ಮನೆ ಬಿಟ್ಟ ತಟ್ಟೆಯಲ್ಲಿ ಬಲೆ ನೇಯ್ದ ಹಾಗೆ ನಾಳಗಳು. ಸರಪಳಿ ಕತ್ತರಿಸಿದ ತಟ್ಟೆಯಲ್ಲಿ ಒಂದೂ ಇಲ್ಲ. ಬಾಸ್ ಕೂಡ ನಕ್ಕರು, ಹಲ್ಲು ಕಂಡಿತು.

ಊಟಕ್ಕೆ ಕೂತಾಗ ಫೋನಿನಲ್ಲಿ ಫೋಟೋ ತೋರಿಸಿದೆ. ನಿಂತೇಹೋಯ್ತು ಅಕ್ಕ, ನಿಂತೇಹೋಯ್ತು ಅಂತ ಒಂದೇ ಸಮನೆ ಕುಣಿದೆ. ಅಕ್ಕ ಊಟ ಬಿಟ್ಟು ನೋಡಿದಳು. ಪೂರ್ತಿ ನಿಂತುಹೋಯಿತಾ ಅಂತ ಎರಡು ಸಲ ಕೇಳಿದಳು. ಒಮ್ಮೆಯಾದರೂ ನನ್ನ ಕೆಲಸ ಅವಳ ತಲೆಗೆ ಹೋಯಿತಲ್ಲ!

ಏಪ್ರಿಲ್ 2

ತಟ್ಟೆಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಬಾಗಿಲು ಯಾವ ಮಹಾನುಭಾವರು ತೆರೆದಿಟ್ಟು ಹೋದರೋ. ಮೂರು ತಟ್ಟೆ ಹಾಳು. ಬಾಸ್‌ಗೆ ಎಲ್ಲ ಫೋಟೋ ಮತ್ತೆ ಬೇಕಂತೆ.

ಇಂಜೆಕ್ಷನ್ ಆಯಿತಾ ಅಂದರೆ ಅಕ್ಕ ಹೂಂ ಅಂದಳು. ಸದ್ಯ, ಅದೊಂದು ತಲೆನೋವು ಕಮ್ಮಿ.

ಏಪ್ರಿಲ್ 21

ಹೂಂ ಅಂದದ್ದು ಸುಳ್ಳು! ಆಸ್ಪತ್ರೆಯಿಂದ ಫೋನ್. ಹೋದ ತಿಂಗಳೂ ಹೋಗಿಲ್ಲ, ಈ ತಿಂಗಳೂ ಇಲ್ಲ.

ಕೂಗಾಡಿದೆ. ಚುಚ್ಚಿಸಿಕೊಳ್ಳುವವಳು ನಾನಾ ನೀನಾ ಅಂತ ಅವಳೂ ಕೂಗಿದಳು. ಬ್ರೇಕ್ ಯಾವುದು, ಕ್ಲಚ್ ಯಾವುದು ತಿಳಿಯದವರ ಪಕ್ಕ ದಿನವಿಡೀ ಆಕಳಿಸುತ್ತ ಕೂರುವ ಹೆಂಗಸು, ಸೂಜಿಗೆ ಹೆದರುವವಳಲ್ಲ. ಎರಡು ವರ್ಷದಿಂದ ತಕರಾರಿಲ್ಲದೆ ಹೋಗುತ್ತಿದ್ದವಳಿಗೆ ಈಗೇನು ಬಂತು? ಹೇಳು ಅಂದರೆ ಚಪ್ಪಲಿ ಮೆಟ್ಟಿ ಕ್ಲಾಸಿಗೆ ಹೊರಟಳು. ನನಗೆ ಸಾಕಾಗಿದೆ. ಇನ್ನು ಅವಳುಂಟು, ಅವಳ ಕಣ್ಣುಂಟು.

ಮೇ 6, ಕಣ್ಣಾಸ್ಪತ್ರೆ

ಬೆಳಿಗ್ಗೆ ಕ್ಲಾಸ್ ನಡುವೆ ಬಲಗಣ್ಣಿನಲ್ಲಿ ಇಂಕು ಚೆಲ್ಲಿದ ಹಾಗಾಯಿತಂತೆ. ತನ್ನ ಕಡೆಯ ಬ್ರೇಕ್ ಒತ್ತಿ ಕಾರು ಬದಿಗೆ ನಿಲ್ಲಿಸಿ, ಕಲಿಯಲು ಬಂದವರ ಕೈಯಿಂದಲೇ ನನಗೆ ಫೋನ್ ಮಾಡಿಸಿದಳು.

ಟ್ಯಾಕ್ಸಿ ಹತ್ತಿದಲ್ಲಿಂದ ಈ ಬೆಂಚಿನವರೆಗೆ ಬೈದೆ. ಬೈದು ಮುಗಿಯಲಿ ಅಂತ ಕಾದಳು.

"ನಿನ್ ತಟ್ಟೇಲಿ ನಿಂತಿತ್ತಲ್ಲೇ. ಇನ್ನೇನು ನಿನ್ ಔಷಧಿ ಬರುತ್ತೆ, ಅಲ್ಲೀವರೆಗೂ ಇಂಜೆಕ್ಷನ್ ತಳ್ಳೋಣ ಅಂತಿದ್ದೆ."

ಅದು ತಟ್ಟೆ ಅಕ್ಕ, ಅಂದೆ. ತಟ್ಟೆ ಆದಮೇಲೆ ಇಲಿ, ಇಲಿ ಆದಮೇಲೆ ಮನುಷ್ಯರು. ಹತ್ತು ವರ್ಷ ಆಗಬಹುದು, ಔಷಧಿ ಬಾರದೆಯೂ ಇರಬಹುದು.

ಅಕ್ಕ ಬಲಗಣ್ಣು ಮುಚ್ಚಿಕೊಂಡು ನನ್ನತ್ತ ತಿರುಗಿದಳು.

"ಅವತ್ತೇ ಹೇಳ್ಬಾರ್ದಿತ್ತೇನೇ?"

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿ, ಜಗಳವಾದರೂ ಆಡಬಹುದಿತ್ತು.

ಅಕ್ಕ ಒಳಗೆ ಹೋಗಿ ಬಹಳ ಹೊತ್ತಾಯಿತು. ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ. ಬಾಗಿಲು ಅರೆ ತೆರೆದಿದೆ. ಮನೆಯವರು ಇಷ್ಟು ದಿನ ಏನು ಮಾಡುತ್ತಿದ್ದರು ಅಂತ ಡಾಕ್ಟರ್ ಕೇಳುತ್ತಿದ್ದಾರೆ. ಅಕ್ಕ ಅನ್ನುತ್ತಿದ್ದಾಳೆ, "ಅವಳು ಸರಿಯಾಗೇ ಹೇಳಿದ್ಲು ಡಾಕ್ಟ್ರೇ, ನಾನೇ ಕೇಳ್ಲಿಲ್ಲ."