ಹುಲಿಬೆನ್ನಿನ ಬಟ್ಟಲು

ಮೆಕ್ಸಿಕೊ ನಗರ
ಮಂಗಳವಾರ

ಪ್ರತಿಮಾ ಅತ್ತಿಗೆಗೆ ವಿಜಯಶ್ರೀಯ ನಮಸ್ಕಾರ.

ಫೋನ್ ಮಾಡಿದರೆ ಅವ್ವ ಪಕ್ಕದಲ್ಲೇ ಇರುತ್ತಾಳೆಂದು ಇದನ್ನು ಬರೆದು, ಫೋಟೊ ತೆಗೆದು ನಿಮ್ಮೊಬ್ಬರಿಗೇ ಕಳಿಸುತ್ತಿದ್ದೇನೆ.

ಹತ್ತಿ ತಳಿಯ ತರಬೇತಿಗೆ ಬಂದ ಹೊಸದರಲ್ಲಿ ಇಲ್ಲಿನ ಸಂತೆಯಲ್ಲಿ ಕೊಂಡು ಆದೋನಿಗೆ ಕಳಿಸಿದ್ದೆನಲ್ಲ, ಬೆನ್ನಿನಲ್ಲಿ ಕುಳಿ ತೋಡಿದ ಕಲ್ಲಿನ ಹುಲಿ? ಅವ್ವ ಅದರಲ್ಲಿ ವಿಭೂತಿ ಇಟ್ಟುಕೊಂಡು ದಿನಾ ಎದೆಗೆ ಹಚ್ಚಿಕೊಳ್ಳುತ್ತಾಳೆ.

ಯಾವುದನ್ನು ನೋಡಿ ಅದನ್ನು ಕೆತ್ತಿದ್ದರೋ ಆ ಹಳೆಯ ಹುಲಿಯನ್ನು ಇವತ್ತು ಮ್ಯೂಸಿಯಮ್ಮಿನಲ್ಲಿ ಕಂಡೆ. ಎತ್ತಿನಷ್ಟು ದೊಡ್ಡದು. ಇದರಲ್ಲಿ ಏನಿಡುತ್ತಿದ್ದರೆಂದು ಖುಷಿಯಿಂದ ಗೈಡನ್ನು ಕೇಳಿದೆ. ಅಜ್ಟೆಕ್ ಜನ ನರಬಲಿ ಕೊಟ್ಟಾಗ, ಕಿತ್ತ ಹೃದಯವನ್ನು ದೇವರಿಗೆಂದು ಇದರಲ್ಲಿಡುತ್ತಿದ್ದರು ಎಂದಳು. ಉಳಿದದ್ದನ್ನು ನೋಡದೆ ಹೊರಗೆ ಬಂದುಬಿಟ್ಟೆ.

ನಾಳೆ ಅವ್ವನ ಹೃದಯದ ಆಪರೇಷನ್. ನಿನ್ನೆ ಫೋನಿನಲ್ಲಿ ಆಕೆ ಹೇಳಿದ ಮಾತೇ ಕಿವಿಯಲ್ಲಿದೆ. "ನಿನ್ನ ಬಟ್ಟಲಾ ದವಾಖಾನಿಗೂ ಒಯ್ತೀನವ್ವ. ಅದು ಜೋಡಿ ಐತಿ ಅಂದ್ರ ನನಗ ಅಂಜಿಕಿ ಇಲ್ಲ."

ಅದನ್ನು ಅಡಗಿಸಿಡಿ ಎಂದು ಬರೆಯಲೆಂದೇ ಕೂತೆ. ಈಗ ಬೇಡವೆನಿಸುತ್ತಿದೆ. ಅದು ಕಾಣದಿದ್ದರೆ ಆಕೆ ಹೆದರುತ್ತಾಳೆ. ದಿಂಬಿನ ಬಳಿಯೇ ಇರಲಿ. ಬಸವಕಿರಣ ಅಣ್ಣನಿಗೆ ಹೇಳಬೇಡಿ, ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ನನಗೆ ಒಬ್ಬಳೇ ಇಟ್ಟುಕೊಳ್ಳಲಾಗದ್ದನ್ನು ನಿಮ್ಮ ಮೇಲೆ ಹೊರಿಸುತ್ತಿದ್ದೇನೆ, ಬೇಸರಪಡಬೇಡಿ.

ಅವ್ವನಿಗೆ ಎಚ್ಚರವಾದ ಕೂಡಲೇ ಫೋನನ್ನು ಆಕೆಯ ಬಾಯಿಯ ಹತ್ತಿರ ಹಿಡಿಯಿರಿ. ಮಾತಾಡಲಾಗದಿದ್ದರೂ ಪರವಾಗಿಲ್ಲ, ಉಸಿರು ಕೇಳಿಸಿದರೆ ಸಾಕು.

ನಿಮ್ಮ ನಾದಿನಿ
ವಿಜಯಶ್ರೀ